ಕಾಗದಕ್ಕೆ ಬಾರದ ಹೆಸರು

ನಮ್ಮ ಡ್ರಾಯಿಂಗ್ ಮೇಷ್ಟ್ರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಹೊಳಲ್ಕೆರೆ ಬಸ್ ನಿಲ್ದಾಣದ ಗೋಡೆಯಿಂದ. ಶಿವಮೊಗ್ಗದ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಎದುರಿಗೆ ಕಟ್ಟಿದ್ದ ಶ್ರದ್ಧಾಂಜಲಿಯ ಫ್ಲೆಕ್ಸಿನಲ್ಲಿ ಎಲ್ಲೋ ಕಂಡ ಮುಖವಿದೆಯಲ್ಲ ಅನ್ನಿಸಿ ಹತ್ತಿರ ಹೋದರೆ ಅವರೇ. ತಿಥಿಯೂ ಮುಗಿದುಹೋಗಿತ್ತು. ವರ್ಷಗಟ್ಟಲೆ ಒಂದೇ ಸ್ಟಾಫ್ ರೂಮಿನಲ್ಲಿ ಎದುರುಬದುರು ಕೂತು ಬುತ್ತಿ ಬಿಚ್ಚಿದವನು ನಾನು. ಮಣ್ಣಿಗೂ ಹೋಗಲಿಲ್ಲ, ತಿಥಿಗೂ ಹೋಗಲಿಲ್ಲ. ಫ್ಲೆಕ್ಸಿನ ತುಂಬ ಕಡುನೀಲಿ, ಅದರ ಮೇಲೆ ಗುಲಾಬಿ ಹೂವು, ಹಾರುವ ಪಾರಿವಾಳ, ಮೂಲೆಯಲ್ಲೊಂದು ದೀಪ. ಇದನ್ನು ಅವರೇನಾದರೂ ನೋಡಿದ್ದರೆ ಕತ್ತನ್ನು ಒಂದು ಪಕ್ಕಕ್ಕೆ ವಾಲಿಸಿ, "ಹಿಂದುಗಡೆ ಇಷ್ಟು ನೀಲಿ ಯಾಕೆ ಬೇಕಿತ್ರೀ" ಅನ್ನುತ್ತಿದ್ದರು. ಅದನ್ನೂ ಪಕ್ಕದಲ್ಲಿ ನಿಂತವನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

ನಮ್ಮಜ್ಜಿ ಸತ್ತವರ ವಿಷಯ ತೆಗೆದರೆ ಮೊದಲು ಅವರ ನಡಿಗೆ ಹೇಳುತ್ತಿದ್ದಳು, ಆಮೇಲೆ ಊಟ, ಆಮೇಲೆ ಮಾತು. ಎಲ್ಲಿ ಹುಟ್ಟಿದರು, ಎಷ್ಟು ಓದಿದರು ಎಂಬುದೆಲ್ಲ ಅವಳ ಲೆಕ್ಕಕ್ಕೆ ಬರುತ್ತಿರಲಿಲ್ಲ. ನಾನು ಮಾತು ಕಲಿತದ್ದು ಅವಳ ತೊಡೆಯ ಮೇಲೆ. ಹಾಗಾಗಿ ನಾನೂ ಅದೇ ಸಾಲು ಹಿಡಿಯುತ್ತೇನೆ.

ಮೇಷ್ಟ್ರ ನಡಿಗೆ ಗೋಡೆಯ ಪಕ್ಕದ್ದು. ಶಾಲೆಯ ಜಗುಲಿ ಎಷ್ಟೇ ಅಗಲವಿರಲಿ, ಗೋಡೆಗೆ ಭುಜ ತಾಗಿಸಿಕೊಂಡೇ ನಡೆಯುತ್ತಿದ್ದರು. ಹೀಗಾಗಿ ಅವರ ಅಂಗಿಯ ಎಡತೋಳಿಗೆ ಸದಾ ಸುಣ್ಣ ಮೆತ್ತಿರುತ್ತಿತ್ತು. ಎದುರಿಗೆ ಬಂದವರು ಏಳನೇ ತರಗತಿಯ ಮಕ್ಕಳಾದರೂ ಇವರೇ ನಿಂತು ದಾರಿ ಬಿಡಬೇಕು. ಊಟದಲ್ಲಿ ಅವರಿಗೆ ರುಚಿಗಿಂತ ಬಣ್ಣ ಮುಖ್ಯ. ಮುದ್ದೆಯ ಪಕ್ಕದಲ್ಲಿ ಏನಾದರೂ ಹಸಿರು, ಅದರ ಪಕ್ಕ ಒಂಚೂರು ಕೆಂಪು ಚಟ್ನಿ ಇಲ್ಲದಿದ್ದರೆ ಡಬ್ಬಿಯನ್ನು ಅರ್ಧ ಮುಚ್ಚಿ ನನ್ನ ಡಬ್ಬಿಯ ಕಡೆ ನೋಡುತ್ತಿದ್ದರು. ಕೇಳುತ್ತಿರಲಿಲ್ಲ, ಬರೀ ನೋಡುವುದು.

ಇನ್ನು ಮಾತು. ಅದೇ ಇರಲಿಲ್ಲ ನೋಡಿ. ಹಾಜರಿಯನ್ನು ಕೂಡ ಅವರು ಕೂಗುತ್ತಿರಲಿಲ್ಲ. ಪುಸ್ತಕವನ್ನು ಕ್ಲಾಸ್ ಲೀಡರ್ ಕೈಗೆ ಕೊಟ್ಟು ತಾವು ಕಪ್ಪುಹಲಗೆಯ ಕಡೆ ತಿರುಗುತ್ತಿದ್ದರು. ಬೆಳಗಿನ ಪ್ರಾರ್ಥನೆಯಲ್ಲಿ ಸರದಿಯ ಮೇಲೆ ಒಬ್ಬೊಬ್ಬ ಮೇಷ್ಟ್ರು ನಾಲ್ಕು ಮಾತಾಡಬೇಕೆಂಬ ಪದ್ಧತಿಯಿತ್ತು. ಇವರ ಸರದಿ ಬಂದ ದಿನ ಹಲಗೆಯನ್ನು ಅಂಗಳಕ್ಕೆ ತರಿಸಿ, ಬಣ್ಣದ ಸೀಮೆಸುಣ್ಣದಲ್ಲಿ ಒಂದು ಚಿತ್ರ ಬರೆದು, ಕೈ ಒರೆಸಿಕೊಂಡು ನಿಂತುಬಿಡುತ್ತಿದ್ದರು. ಮಕ್ಕಳು ಆ ಭಾಷಣಕ್ಕೆ ಹೊಡೆದಷ್ಟು ಚಪ್ಪಾಳೆ ನಮ್ಮ ಯಾರ ಮಾತಿಗೂ ಹೊಡೆಯಲಿಲ್ಲ. ಕೆಲಸಕ್ಕೆ ಸೇರುವ ಮೊದಲು ಚಿತ್ರದುರ್ಗದಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದರಂತೆ. ಒಮ್ಮೆ ಮಕ್ಕಳನ್ನು ಚಂದ್ರವಳ್ಳಿಗೆ ಕರೆದುಕೊಂಡು ಹೋಗಿದ್ದೆವು. ನಾನು ಹೊರಗೆ ನಿಂತು ರಾಜವಂಶಗಳ ಹೆಸರು ಒದರುತ್ತಿದ್ದರೆ ಇವರು ಗುಹೆಯೊಳಗೆ ಟಾರ್ಚ್ ಹಿಡಿದು, ಗೋಡೆಗೆ ಅಂಟಿದ್ದ ಹಳೆಯ ಬಣ್ಣದ ಚೂರನ್ನು ನೋಡುತ್ತ ಕೂತುಬಿಟ್ಟಿದ್ದರು. ಬಸ್ಸಿಗೆ ಹೊತ್ತಾಯಿತೆಂದು ಎಬ್ಬಿಸಲು ಹೋದರೆ, "ಇದನ್ನ ಬಳಿದವನಿಗೆ ಯಾರ ಮ್ಯಾಲೋ ಭಾಳ ಗೌರವ ಇತ್ತು ಕಣ್ರಿ" ಅಂದರು. ಬಣ್ಣವೆಂದರೆ ಅವರಿಗೆ ಮರ್ಯಾದೆ. ಯಾರಿಗೆ ಎಷ್ಟು ಮರ್ಯಾದೆಯೋ ಅಷ್ಟು ಬಣ್ಣ.

ಶ್ರೀರಾಂಪುರದಿಂದ ಒಳಗೆ ಹೋಗುವ ಒಂದು ಹಳ್ಳಿಯಲ್ಲಿತ್ತು ನಮ್ಮ ಶಾಲೆ. ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ವರ್ಷವಾಗಿತ್ತು. ಹೊಸದುರ್ಗದಲ್ಲಿ ಬ್ರೌಸಿಂಗ್ ಸೆಂಟರುಗಳು ಶುರುವಾಗಿದ್ದ ಕಾಲ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಸ್ಸು ಹತ್ತಿ ಮೇಷ್ಟ್ರು ಅಲ್ಲಿಗೆ ಹೋಗತೊಡಗಿದರು. ಆ ಸೆಂಟರನ್ನು ನಡೆಸುತ್ತಿದ್ದ ಒಬ್ಬ ಮೇಡಂ ಅವರಿಗೆ ವೆಬ್ ಪುಟ ಕಟ್ಟುವುದನ್ನು ಹೇಳಿಕೊಟ್ಟರು. ಐವತ್ತು ದಾಟಿದ ಮನುಷ್ಯನಿಗೆ ಅದರ ಹುಚ್ಚು ಹಿಡಿದದ್ದು ಯಾಕೆ ಗೊತ್ತೇ? ಅಲ್ಲಿ ಬಣ್ಣಕ್ಕೆ ಡಬ್ಬಿ ಬೇಡ, ಬ್ರಷ್ ಬೇಡ. ಒಂದು ಸಂಖ್ಯೆ ಬರೆದರೆ ಇಡೀ ಪುಟ ಕೆಂಪಾಗುತ್ತಿತ್ತು. ಸೋಮವಾರ ಬಂದು ನನ್ನ ಕಿವಿಯ ಹತ್ತಿರ, "ಕೋಟಿಗಟ್ಟಲೆ ಬಣ್ಣ ಅವಂತೆ ಕಣ್ರಿ ಅದ್ರಾಗೆ" ಅಂದಿದ್ದರು.

ಅದೇ ವರ್ಷ ನಮ್ಮ ಶಾಲೆಗೆ ಹೊಸ ಕಟ್ಟಡವಾಯಿತು. ಆ ಜಾಗ ಮೈಲಮ್ಮ ಎಂಬ ಹೆಂಗಸಿನದು. ಕುರಿ ಸಾಕುವ ಮನೆತನ. ಊರಂಚಿನಲ್ಲಿ ಕುರಿಗಳನ್ನು ಕೂಡುವ ರೊಪ್ಪವಿತ್ತು. ಗಂಡ ಸತ್ತ ಮೇಲೆ ಪಾಲಾದಾಗ ರೊಪ್ಪ ಅವಳ ಪಾಲಿಗೆ ಬಂತು. ಅದು ತನಗೇ ಸೇರಬೇಕೆಂದು ಮೈದುನ ತಿಪ್ಪಣ್ಣನಿಗೆ ಆಸೆಯಿತ್ತು. ಮೈಲಮ್ಮ ಅದನ್ನು ಶಾಲೆಗೆ ಬರೆದುಕೊಟ್ಟಳು. ಆವತ್ತಿನಿಂದ ತಿಪ್ಪಣ್ಣ ಅವಳೊಂದಿಗೆ ಮಾತು ಬಿಟ್ಟ. ಒಂದೇ ಮನೆಯ ನಡುವೆ ಗೋಡೆ ಎದ್ದಿತು. ಹಿರಿಯೂರು ಕಡೆಯ ಅವಳ ತವರಿನವರೂ, ಗಂಡ ಸತ್ತ ಮೇಲೆ ಇವಳಿಗೆ ಬುದ್ಧಿ ನೆಟ್ಟಗಿಲ್ಲ ಅಂದುಬಿಟ್ಟರು. ಮೈಲಮ್ಮ ಯಾರಿಗೂ ಉತ್ತರ ಕೊಡಲಿಲ್ಲ. ಕಟ್ಟಡದ ಪ್ರಾರಂಭೋತ್ಸವದ ದಿನ ತನ್ನ ಹೆಸರನ್ನು ಮೈಕಿನಲ್ಲಿ ಓದುತ್ತಾರೆ, ಅದೇ ಉತ್ತರ ಎಂದುಕೊಂಡಿದ್ದಳು.

ಆಗ ತಾನೇ ವರ್ಗವಾಗಿ ಬಂದಿದ್ದ ಹೆಡ್‌ಮಾಸ್ಟರಿಗೆ ಎಲ್ಲವೂ ಹೊಸ ಥರ ಆಗಬೇಕು. ಶಾಲೆಗೆ ನೆರವಾದವರ ಹೆಸರೆಲ್ಲ ಇರುವ ಒಂದು ವೆಬ್ ಪುಟ ಮಾಡಿ, ಅದನ್ನೇ ಪ್ರಿಂಟ್ ತೆಗೆಸಿ ಬಂದವರಿಗೆ ಹಂಚೋಣ, ಅತಿಥಿಗಳೂ ಅದನ್ನೇ ಓದಲಿ ಎಂದರು. ಮೇಷ್ಟ್ರು ಒಪ್ಪಿ, ರೊಪ್ಪದ ಹತ್ತಿರ ಹೋಗಿ, ಹೆಸರು ಹೇಗೆ ಬರೆಯಲಿ ಎಂದು ಮೈಲಮ್ಮನನ್ನು ಕೇಳಿದರಂತೆ. "ಮೈಲಮ್ಮ ಅಂತ ಬರಿ, ಇನ್ನೇನೈತೆ" ಅಂದಳಂತೆ. ಎಲ್ಲರಿಗಿಂತ ಮೇಲೆ ನಿಮ್ಮ ಹೆಸರೇ ಇರುತ್ತದೆ ಎಂದು ಇವರು ಮಾತು ಕೊಟ್ಟು ಬಂದರು.

ಆ ಪುಟವನ್ನು ನಾನು ಸೆಂಟರಿನಲ್ಲಿ ಕೂತು ನೋಡಿದ್ದೇನೆ. ಫ್ಯಾನು ಕೊಟ್ಟವರು, ಬೆಂಚು ಕೊಟ್ಟವರು, ಗಡಿಯಾರ ಕೊಟ್ಟವರು ಎಲ್ಲ ಕೆಳಗೆ ಬಿಳಿಯ ಮೇಲೆ ಕಪ್ಪು ಅಕ್ಷರದಲ್ಲಿ. ಎಲ್ಲಕ್ಕೂ ಮೇಲೆ, ಪುಟದ ಅಗಲಕ್ಕೂ ಕುಂಕುಮದ ಬಣ್ಣದ ಒಂದು ಪಟ್ಟಿ. ಅದರ ಮೇಲೆ ಅರಿಶಿನದ ಬಣ್ಣದಲ್ಲಿ "ಶ್ರೀಮತಿ ಮೈಲಮ್ಮ ಕೋಂ ದಿವಂಗತ ಕೆಂಚಪ್ಪ, ಜಾಗ ಕೊಟ್ಟವರು" ಎಂದು. ಚೆನ್ನಾಗಿದೆ ಎಂದೆ. ಮೇಷ್ಟ್ರು ಪರದೆಯ ಕಡೆಯೇ ನೋಡುತ್ತ, "ಆಯಮ್ಮನಿಗೆ ಮದುವೆ ಮನ್ಯಾಗೂ ಅರಿಶಿನ ಕುಂಕುಮ ಕೊಡಲ್ಲ ಕಣ್ರಿ ನಮ್ಮ ಜನ. ಹೆಸರಿಗಾದ್ರೂ ಇರ್ಲಿ" ಅಂದರು. ಅಷ್ಟು ದೊಡ್ಡ ಮಾತನ್ನು ಅವರ ಬಾಯಲ್ಲಿ ಅಲ್ಲಿಯವರೆಗೆ ಕೇಳಿರಲಿಲ್ಲ.

ಸೆಂಟರಿನಲ್ಲಿದ್ದದ್ದು ಕಪ್ಪು ಬಿಳುಪಿನ ಪ್ರಿಂಟರು. ಕಾರ್ಯಕ್ರಮದ ಮುಂಚಿನ ದಿನ ಮೇಷ್ಟ್ರಿಗೆ ಚಪ್ಪರದ ಬೋರ್ಡು, ರಂಗೋಲಿ ಎಂದು ಬಿಡುವಿರಲಿಲ್ಲ. ಮೇಡಂಗೆ ಫೋನ್ ಮಾಡಿದರು. ಅವರು ಪುಟವನ್ನು ಪ್ರಿಂಟ್ ತೆಗೆದು, ಜೆರಾಕ್ಸ್ ಮಾಡಿಸಿ, ಕಟ್ಟಿ, ಬೆಳಗಿನ ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟು ಕಳಿಸಿದರು. ಕಟ್ಟು ನೇರ ಹೆಡ್‌ಮಾಸ್ಟರ ಕೈ ಸೇರಿತು. ಪ್ರಿಂಟ್ ತೆಗೆಯುವಾಗ ಅಕ್ಷರದ ಹಿಂದೆ ಬಳಿದ ಬಣ್ಣ ಬರುವುದಿಲ್ಲ. ಕುಂಕುಮದ ಪಟ್ಟಿ ಬಂದೇ ಇರಲಿಲ್ಲ. ಪಟ್ಟಿಯಿಲ್ಲದ ಮೇಲೆ ಅರಿಶಿನದ ಅಕ್ಷರ ಬಿಳಿಯ ಕಾಗದದಲ್ಲಿ ತೆಳುಬೂದಾಗಿ, ಜೆರಾಕ್ಸಿನಲ್ಲಿ ಪೂರ್ತಿ ಅಳಿಸಿಹೋಗಿತ್ತು. ಫ್ಯಾನಿನವರು, ಬೆಂಚಿನವರು, ಗಡಿಯಾರದವರು ಕಪ್ಪಗೆ ಚೊಕ್ಕವಾಗಿ ಬಂದಿದ್ದರು. ಅವರ ಮೇಲೆ ಒಂದು ಗೇಣು ಬರೀ ಬಿಳಿ. ಯಾರಿಗೆ ಎಲ್ಲರಿಗಿಂತ ಹೆಚ್ಚು ಮರ್ಯಾದೆ ಕೊಟ್ಟಿದ್ದರೋ ಅವರೊಬ್ಬರೇ ಇಲ್ಲ.

ಊರಿಗೆ ಹೊಸಬರಾದ ಹೆಡ್‌ಮಾಸ್ಟರು ಆ ಖಾಲಿ ಜಾಗವನ್ನು ನೋಡಿ, ಇದು ಶಾಲೆಯ ಸೀಲಿಗಾಗಿ ಬಿಟ್ಟದ್ದು ಎಂದು ತಿಳಿದರು. ಒಂದೊಂದು ಹಾಳೆಯ ಮೇಲೂ, ಮೈಲಮ್ಮನ ಹೆಸರಿರಬೇಕಾದ ಕಡೆ, ದುಂಡನೆಯ ನೇರಳೆ ಸೀಲು ಒತ್ತಿ ಹಂಚಿಸಿಬಿಟ್ಟರು.

ನಾನು ಅಡುಗೆ ಶೆಡ್ಡಿನಲ್ಲಿ ಪಾಯಸದ ಉಸ್ತುವಾರಿಯಲ್ಲಿದ್ದೆ. ಮೈಕಿನಲ್ಲಿ ಎಲ್ಲವೂ ಕೇಳುತ್ತಿತ್ತು. ಚಿತ್ರದುರ್ಗದಿಂದ ಬಂದಿದ್ದ ಅಧಿಕಾರಿಯೊಬ್ಬರು ಹೆಸರುಗಳನ್ನು ಓದಿದರು. ಮೈಲಮ್ಮನ ಹೆಸರು ಬರಲಿಲ್ಲ. ಜಾಗ ಕೊಟ್ಟವರು, ಕೊನೆಗೆ ವಿಶೇಷವಾಗಿ ಕರೆಯುತ್ತಾರೆ ಎಂದುಕೊಂಡೆ. ಊರಿನವರೆಲ್ಲ ಹಾಗೇ ಅಂದುಕೊಂಡಿದ್ದರಂತೆ. ಹಾರಗಳಾದವು, ವಂದನಾರ್ಪಣೆಯಾಯಿತು, ಜನಗಣಮನವೂ ಆಗಿಹೋಯಿತು. ಮೈಲಮ್ಮ ಹಿರಿಯೂರು ಕಡೆಯ ನಾಲ್ಕಾರು ಹಳ್ಳಿಗಳಿಗೆ ತಾನೇ ಹೋಗಿ, ಮದುವೆಗೆ ಕರೆದಂತೆ ಕರೆದುಬಂದಿದ್ದ ನೆಂಟರನ್ನೆಲ್ಲ ಪಕ್ಕಕ್ಕೆ ಕೂರಿಸಿಕೊಂಡು ಮುಂದಿನ ಜಮಖಾನದ ಮೇಲೆ ಕೂತಿದ್ದಳು.

ಊಟದ ಪಂಕ್ತಿಯಲ್ಲಿ ತಿಪ್ಪಣ್ಣ ಆ ಹಾಳೆಯನ್ನು ಹಿಡಿದುಕೊಂಡು ಬಂದ. ಮೈಲಮ್ಮನ ಕಡೆ ತಿರುಗದೆ, ಉಣ್ಣುವವರಿಗೆಲ್ಲ ಕೇಳುವ ಹಾಗೆ ಹೇಳಿದ: "ಫ್ಯಾನು ಕೊಟ್ಟೋರ ಹೆಸ್ರು ಐತೆ. ಗಡಿಯಾರ ಕೊಟ್ಟೋರ ಹೆಸ್ರು ಐತೆ. ಜಾಗ ಕೊಟ್ಟೋರ್ದು ಮಾತ್ರ ಇಲ್ಲ. ಹಂಗಾರೆ ಆ ಫ್ಯಾನು ಎಲ್ಲಿ ತಿರುಗ್ತಾ ಐತ್ರಪ್ಪ, ಗಾಳ್ಯಾಗಾ? ಮ್ಯಾಲೆ ಸೀಲು ಬೇರೆ ಹೊಡದವ್ರೆ, ಇನ್ನು ಕೇಳಂಗೇ ಇಲ್ಲ." ಒಂದಿಬ್ಬರು ನಕ್ಕರು. ತವರಿನ ಹೆಂಗಸರು ಎಲೆಯ ಕಡೆ ನೋಡುತ್ತ ಕೂತರು. ಮೈಲಮ್ಮ ಅನ್ನವನ್ನು ಕೊನೆಯ ಅಗುಳಿನವರೆಗೂ ಉಂಡು, ಎಲೆ ಮಡಚಿ, ಎದ್ದು ಹೋದಳು. ನೆಂಟರು ಆ ಹಾಳೆಗಳನ್ನು ಮಡಚಿ ಸೆರಗಿನಲ್ಲೂ ಜೇಬಿನಲ್ಲೂ ಇಟ್ಟುಕೊಂಡು ಸಂಜೆ ಬಸ್ಸಿಗೆ ಹೊರಟರು. ಮೇಷ್ಟ್ರು ಊಟಕ್ಕೇ ಬರಲಿಲ್ಲ. ಹುಡುಕಿದರೆ ಹೊಸ ಕಟ್ಟಡದ ಹಿಂದೆ ಗೋಡೆಗೆ ಒರಗಿಕೊಂಡು ಕೂತಿದ್ದರು. "ನಾನು ಕಾಗದ ನೋಡ್ಲೇ ಇಲ್ಲ ಕಣ್ರಿ" ಅಂದರು. ಪಾಪ, ಬೋರ್ಡು ರಂಗೋಲಿ ಎಂದು ಬೆಳಗಿನಿಂದ ಓಡಾಡಿದ ಮನುಷ್ಯ, ನಿಜವೇ ಅಂದುಕೊಂಡೆ.

ಮಾರನೆಯ ದಿನವೇ ಅವರು ಏಣಿ ತಂದು ಕಟ್ಟಡದ ಬಾಗಿಲ ಮೇಲೆ ಮೈಲಮ್ಮನ ಹೆಸರನ್ನು ಮೊಳದುದ್ದದ ಅಕ್ಷರದಲ್ಲಿ ಬರೆದರು. ಬೋರ್ಡು ಬರೆದ ಕೈ, ಮುತ್ತು ಪೋಣಿಸಿದ ಹಾಗಿತ್ತು. ಮೈಲಮ್ಮ ಕುರಿ ಹೊಡೆದುಕೊಂಡು ಆ ದಾರಿಯಲ್ಲೇ ಹೋದಳು. ತಲೆ ಎತ್ತಲಿಲ್ಲ. ಏಣಿಯಿಂದ ಇಳಿದು ಹಿಂದೆ ಹೋದ ಮೇಷ್ಟ್ರಿಗೆ ಅವಳು ಹೇಳಿದ್ದು ಇಷ್ಟು: "ಗೋಡೆ ಹಿರಿಯೂರಿಗೆ ಹೋಗ್ತತೇನಪ್ಪ? ಆ ಕಾಗದ ಹೋಗೈತೆ."

ಆ ಮಾತು ಅವರಿಗೆ ನಾಟಿತು. ಮುಂದಿನ ಶನಿವಾರ ಹೊಸದುರ್ಗಕ್ಕೆ ನನ್ನನ್ನೂ ಎಳೆದುಕೊಂಡು ಹೋದರು. ಸೆಂಟರಿನ ಮೇಡಂಗೆ ವಿಷಯ ಕೇಳಿ ಗಾಬರಿಯಾಯಿತು. ಖಾಲಿ ಜಾಗ ಅವರ ಕಣ್ಣಿಗೂ ಬಿದ್ದಿತ್ತಂತೆ, ಅವರೂ ಸೀಲಿಗೆಂದೇ ಅಂದುಕೊಂಡಿದ್ದರಂತೆ. ಆಮೇಲೆ ಕೂರಿಸಿಕೊಂಡು ಹೇಳಿದರು: ಇಂಕು ಉಳಿಯಲೆಂದು ಬ್ರೌಸರೇ ಹಿಂದಿನ ಬಣ್ಣವನ್ನು ಬಿಟ್ಟುಬಿಡುತ್ತದೆ. ಪುಟಕ್ಕೆ ಎರಡು ಜೊತೆ ಬಟ್ಟೆ ಹೊಲಿಸಬೇಕು ಸಾರ್, ಪರದೆಗೊಂದು, ಕಾಗದಕ್ಕೊಂದು. ಕಾಗದದ ಸ್ಟೈಲ್ ಶೀಟನ್ನು, ಅಂದರೆ ಬಣ್ಣ ಅಳತೆಗಳ ಪಟ್ಟಿಯನ್ನು, ಬೇರೆ ಬರೆದು, ಇದು ಪ್ರಿಂಟಿಗೆ ಮಾತ್ರ ಎಂದು ಪುಟಕ್ಕೆ ಹೇಳಿಟ್ಟರೆ, ಪ್ರಿಂಟ್ ಒತ್ತಿದಾಗ ಪುಟ ತಾನೇ ಬಟ್ಟೆ ಬದಲಾಯಿಸಿಕೊಳ್ಳುತ್ತದೆ.

ಮೇಷ್ಟ್ರು ಆ ಎರಡನೇ ಬಟ್ಟೆಯನ್ನು ಹೊಲಿಯಲು ಕೂತರು. ಮೊದಲ ಸಲ ಬಣ್ಣ ತೆಗೆದು ಹೆಸರನ್ನು ಕಪ್ಪು ಮಾಡಿ, ದೊಡ್ಡದಾಗಿರಲೆಂದು ಅಕ್ಷರವನ್ನು ವಿಪರೀತ ಹಿಗ್ಗಿಸಿದರು. ಹೆಸರಿನ ಬಾಲ ಕಾಗದದ ಬಲ ಅಂಚಿನಾಚೆ ಹೋಯಿತು. ಎಡಗಡೆ ಇದ್ದ ಮುಖಪುಟ, ಚಿತ್ರಗಳು ಎಂಬ, ಮೌಸಿನಲ್ಲಿ ಒತ್ತುವ ಕೊಂಡಿಗಳ ಸಾಲು ಕಾಗದದಲ್ಲೂ ಬಂದು ಜಾಗ ತಿನ್ನುತ್ತಿತ್ತು. ಕಾಗದವನ್ನು ಯಾರು ಒತ್ತುತ್ತಾರೆ ಎಂದು ಅದನ್ನು ಅಡಗಿಸಿದರು. ಮತ್ತೊಂದು ಸಲ, ದೊಡ್ಡ ಅಕ್ಷರ ಹಾಳೆಯನ್ನೆಲ್ಲ ತುಂಬಿ, ಮೈಲಮ್ಮ ಎಂಬುದು ಒಂದು ಹಾಳೆಯ ಕೊನೆಗೆ, ಜಾಗ ಕೊಟ್ಟವರು ಎಂಬುದು ಇನ್ನೊಂದು ಹಾಳೆಯ ತಲೆಗೆ ಬಂತು. ಇವೆರಡು ಬೇರೆಯಾಗಕೂಡದು ಎಂದು ಪುಟಕ್ಕೆ ತಾಕೀತು ಮಾಡುವ ಸಾಲನ್ನೂ ಕಲಿತರು. ಅಂಚನ್ನು ಸೆಂಟಿಮೀಟರಿನಲ್ಲಿ ಅಳೆದರು. ಹಿಂದಿನ ಬಣ್ಣ ಬರದಿದ್ದರೇನಂತೆ, ಗೆರೆ ಬರುತ್ತದಲ್ಲ, ಪಟ್ಟಿಯ ಬದಲು ಸುತ್ತಲೂ ಎರಡೆಳೆಯ ಗೆರೆ ಹಾಕಿದರು. ಪ್ರಿಂಟರಿನಿಂದ ಕೊನೆಯ ಹಾಳೆ ಬೆಚ್ಚಗೆ ಹೊರಬಂದಾಗ ಅದನ್ನು ಬೆಳಕಿಗೆ ಹಿಡಿದು ನೋಡಿ, "ಪರದೆ ಮ್ಯಾಲೆ ಚಂದ ಕಾಣ್ಲಿ ಅಂತ ಮಾಡ್ದೆ. ಪರದೆ ಯಾರ ಮನೆಗೂ ಹೋಗಲ್ಲ ನೋಡ್ರಿ" ಅಂದರು.

ಹೊಸ ಹಾಳೆಗಳನ್ನು ಮೈಲಮ್ಮನಿಗೆ ಕೊಟ್ಟು ಕೈ ತೊಳೆದುಕೊಳ್ಳಬಹುದು ಎಂದುಕೊಂಡಿದ್ದೆ ನಾನು. ಅವಳು ಮುಟ್ಟಲೇ ಇಲ್ಲ. "ನಾನು ಮನೆಮನೆಗೆ ಹೋಗಿ ಕರದು ಬಂದಿದ್ದೆ. ನೀನೂ ಮನೆಮನೆಗೆ ಹೋಗು. ಕುಂಕುಮ ಹಚ್ಚಿ ಕೊಡು. ಕೊಟ್ಟು ಬಂದ್ರಾಗಲಿಲ್ಲ, ನಿಂತ್ಕಂಡು ಓದು" ಅಂದಳು. ಲಗ್ನಪತ್ರಿಕೆಯನ್ನು ಅಂಚೆಯಲ್ಲಿ ಕಳಿಸಿದರೆ ಈಗಲೂ ನಮ್ಮ ಕಡೆ ಕರೆದ ಲೆಕ್ಕವಲ್ಲ. ಮನೆಯವರೇ ಹೋಗಬೇಕು, ನಾಲ್ಕು ಮೂಲೆಗೂ ಕುಂಕುಮ ಹಚ್ಚಿ ಕೈಗಿಡಬೇಕು. ಮೇಷ್ಟ್ರು ಹೂಂ ಅಂದರು.

ಹೀಗೆ ನಮ್ಮ ಭಾನುವಾರಗಳು ಶುರುವಾದವು. ನಾನು ಬರೀ ಜೊತೆ. ಹಿರಿಯೂರಿನಲ್ಲಿ ಬಸ್ಸಿಳಿದು, ಒಳಗಿನ ಹಳ್ಳಿಗಳಿಗೆ ಸಿಕ್ಕಿದ ಆಟೋ, ಟ್ರ್ಯಾಕ್ಟರು, ಇಲ್ಲವಾದರೆ ನಡಿಗೆ. ಮೇಷ್ಟ್ರು ಅಂಗಳದಲ್ಲಿ ಚಪ್ಪಲಿ ಬಿಟ್ಟು, ಹಾಳೆಯ ಮೂಲೆಗಳಿಗೆ ಕುಂಕುಮ ಹಚ್ಚಿ, ಓದುತ್ತಿದ್ದರು. ಅವರು ಓದಿದ್ದು ಕೇಳಿಸದೆ ಮನೆಯವರು ನನ್ನ ಕಡೆ ನೋಡುತ್ತಿದ್ದರು. ನಾನು ಗಟ್ಟಿಯಾಗಿ ಮತ್ತೊಮ್ಮೆ ಹೇಳುತ್ತಿದ್ದೆ. ಒಂದು ಮನೆಯಲ್ಲಿ ಹಳೆಯ ಹಾಳೆಯನ್ನು ಮಂಡಕ್ಕಿ ಡಬ್ಬಿಯ ತಳಕ್ಕೆ ಹಾಸಿದ್ದರು. ಮೇಷ್ಟ್ರು ಅದನ್ನೂ ಬಿಡದೆ ಈಸಿಕೊಂಡರು. ಮೈಲಮ್ಮನ ಅಣ್ಣ, ಕಣ್ಣು ಮಂಜಾದ ಮುದುಕ, ಹೆಸರಿನ ಸುತ್ತಲಿನ ಗೆರೆಯನ್ನು ಬೆರಳಲ್ಲಿ ಮುಟ್ಟಿ ನೋಡಿ, "ಬೇಲಿ ಚೆನ್ನಾಗಿ ಕಟ್ಟೀರಿ. ಈ ಸಲ ಎಲ್ಲೂ ಹೋಗಲ್ಲ ಬಿಡ್ರಿ" ಅಂದ. ಎಲ್ಲರೂ ನಕ್ಕರು, ಮೇಷ್ಟ್ರ ಹೊರತು. ಅವರಿಗೆ ಒಂದೊಂದು ಅಂಗಳವೂ ಕಟಕಟೆ. ಬಣ್ಣ ಬಿಟ್ಟ ಕಥೆಯನ್ನು ಒಪ್ಪಿಸಿ, ಕೊಟ್ಟ ಮಜ್ಜಿಗೆ ಕುಡಿದು, ತಲೆ ತಗ್ಗಿಸಿಕೊಂಡೇ ಹೊರಬರುವರು. ಇಷ್ಟು ತಿರುಗಿದ ಮೇಲಾದರೂ ಹಗುರಾಗಬೇಕಿತ್ತು. ಭಾನುವಾರ ಕಳೆದಂತೆ ಮನುಷ್ಯ ಇನ್ನೂ ಕುಗ್ಗಿದ. ಅದು ಯಾಕೆಂದು ನನಗೆ ತಿಳಿಯುತ್ತಿರಲಿಲ್ಲ.

ಮುಂದೆ ಅವರು ಶಾಲೆಯ ಯಾವ ವೇದಿಕೆಯನ್ನೂ ಹತ್ತಲಿಲ್ಲ. ಪ್ರಶ್ನೆಪತ್ರಿಕೆಯಿರಲಿ, ಕ್ರೀಡಾಕೂಟದ ಪಟ್ಟಿಯಿರಲಿ, ಅವರು ಮಾಡಿದ ಯಾವ ಪುಟವನ್ನೂ ಕಾಗದದ ಮೇಲೆ ತಾವೇ ನೋಡದೆ ಹೊರಗೆ ಬಿಡಲಿಲ್ಲ. ನಿವೃತ್ತಿಯ ದಿನ ಬೀಳ್ಕೊಡುಗೆಗೆಂದು ನಾವು ಶಾಲು ಹಾರ ತಂದಿಟ್ಟಿದ್ದೆವು. ಮಧ್ಯಾಹ್ನದ ಬಸ್ಸಿಗೆ ಹೇಳದೆ ಕೇಳದೆ ಹೊಳಲ್ಕೆರೆಗೆ ಹೊರಟುಹೋದರು. ವಿಚಿತ್ರ ಮನುಷ್ಯ ಎಂದು ಎಲ್ಲರೂ ಆಡಿಕೊಂಡರು. ನಾನು ಆಡಿಕೊಳ್ಳಲಿಲ್ಲ. ಕೊನೆಯ ಭಾನುವಾರ ಅವರ ಪಕ್ಕದಲ್ಲಿ ನಿಂತಿದ್ದವನು ನಾನು.

ಕೊನೆಗೆ ಉಳಿದದ್ದು ತಿಪ್ಪಣ್ಣನ ಮನೆ. ಶಾಲೆಯಿದ್ದ ಊರಲ್ಲೇ, ಶಾಲೆಯಿಂದ ಕೂಗಳತೆ. ಎಲ್ಲಾ ಊರು ಸುತ್ತಿದ ಮೇಲೆ ಅಲ್ಲಿಗೆ ಹೋದೆವು. ತಿಪ್ಪಣ್ಣ ಅಂಗಳದಲ್ಲಿ ಕುರಿಯ ಕಾಲು ಕಟ್ಟಿ ಕೆಡವಿಕೊಂಡು ಉಣ್ಣೆ ಕತ್ತರಿಸುತ್ತಿದ್ದ. ಅಂಗಳದ ನಡುವೆ ಎದೆಯುದ್ದದ ಗೋಡೆ. ಅದರಾಚೆ ಮೈಲಮ್ಮನ ಪಾಲು.

"ಬರ್ರಿ ಮೇಷ್ಟ್ರೇ, ಕುಂತ್ಕಳ್ರಿ. ದೇಶ ಎಲ್ಲಾ ತಿರುಗಿದ್ರಂತೆ. ನಮ್ಮ ಮನೆ ದೂರ ಆತು ಅಂತ ಕಾಣ್ತತೆ" ಅಂದ, ಕತ್ತರಿ ನಿಲ್ಲಿಸದೆ.

ಮೇಷ್ಟ್ರು ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದರು. ಕುಂಕುಮದ ಪಟ್ಟಿ, ಅರಿಶಿನದ ಅಕ್ಷರ, ಬಣ್ಣ ಬಿಡುವ ಪ್ರಿಂಟರು, ತಿಳಿಯದೆ ಹೊಡೆದ ಸೀಲು. ತಿಪ್ಪಣ್ಣ ಪೂರ್ತಿ ಕೇಳಿಸಿಕೊಂಡು ಕತ್ತರಿ ಕೆಳಗಿಟ್ಟ.

"ಕಾಗದದಾಗೆ ಇರ್ಲಿಲ್ಲ, ಒಪ್ಪಿದೆ. ನೀವು ಅಲ್ಲೇ ವೇದಿಕೆ ಮ್ಯಾಲೆ ಕುರ್ಚಿ ಹಾಕ್ಕೊಂಡು ಕುಂತಿದ್ರಲ್ಲ. ನಿಮ್ಮ ಬಾಯಾಗೂ ಇರ್ಲಿಲ್ವಾ?"

"ನಾನು ಆವಾಗ ಕಾಗದ ನೋಡಿರ್ಲಿಲ್ಲ" ಅಂದರು ಮೇಷ್ಟ್ರು.

"ನೋಡಿದೆ ನೀನು." ಗೋಡೆಯಾಚೆಯಿಂದ ಮಾತು ಬಂತು. ಮೈಲಮ್ಮ ಕೂತಿದ್ದಳೋ ಏನೋ, ಕಾಣುತ್ತಿರಲಿಲ್ಲ, ಧ್ವನಿಯಷ್ಟೇ. "ಯಾಕಪ್ಪ ಸುಳ್ಳು. ಎಲ್ರೂ ಸಾಹೇಬ್ರನ್ನ ನೋಡ್ತಿದ್ರು, ನಾನು ನಿನ್ನೇ ನೋಡ್ತಿದ್ದೆ. ಕಾಗದ ನೋಡಿದೆ, ಆಮೇಲೆ ನನ್ನ ನೋಡಿದೆ, ಆಮೇಲೆ ನಿನ್ನ ಕಾಲು ನೋಡ್ಕಂತ ಕುಂತೆ."

ಕಾಲು ಕಟ್ಟಿದ ಕುರಿ ಒಮ್ಮೆ ಒದ್ದಾಡಿ ಸುಮ್ಮನಾಯಿತು. ಮೇಷ್ಟ್ರು ಯಾರ ಮುಖವನ್ನೂ ನೋಡದೆ, ನೆಲಕ್ಕೆ ಹೇಳಿದಂತೆ ಹೇಳಿದರು. "ಎದ್ದು ಹೇಳಿದ್ರೆ ತಪ್ಪು ನಂದು ಅಂತ ಎಲ್ರಿಗೂ ಗೊತ್ತಾಗ್ತಿತ್ತು. ಅಷ್ಟು ದೊಡ್ಡೋರು ಇದ್ರು. ನಾಚಿಕೆ ಆತು. ಆಮೇಲೆ ಹೇಳಾಣ, ಆಮೇಲೆ ಹೇಳಾಣ ಅನ್ನಾದ್ರಾಗೆ ಜನಗಣಮನ ಆಗೋತು."

ನನಗೆ ತಡೆಯಲಾಗಲಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ಅಷ್ಟು ಊರು ಯಾಕೆ ತಿರುಗಿಸಿದಿರಮ್ಮ ಎಂದು ಗೋಡೆಯ ಕಡೆ ತಿರುಗಿ ಕೇಳಿದೆ.

"ಸಿಟ್ಟಿಗೆ ಕಣಪ್ಪ. ಕಾಲು ಸವೀಲಿ ಅಂತ."

ತಿಪ್ಪಣ್ಣ ಎದ್ದು, ಕೈಗಂಟಿದ ಉಣ್ಣೆಯನ್ನು ಪಂಚೆಗೆ ಒರೆಸಿಕೊಂಡು ಮೇಷ್ಟ್ರ ಎದುರಿಗೆ ನಿಂತ. "ಈಗ ಓದ್ರಿ" ಅಂದ.

ಮೇಷ್ಟ್ರು ಹಾಳೆಯನ್ನು ಎತ್ತಿ ಹಿಡಿದರು. ತುಟಿ ಅಲುಗಿತು. ಧ್ವನಿ ಬರಲಿಲ್ಲ. ಅಷ್ಟೂ ಮನೆಗಳಲ್ಲಿ ಮೆಲ್ಲಗಾದರೂ ಬರುತ್ತಿತ್ತು, ಈಗ ಅದೂ ಇಲ್ಲ. ನಾನು ರೂಢಿಯಂತೆ ಬಾಯಿ ತೆರೆದೆ. ತಿಪ್ಪಣ್ಣ ಕೈ ಅಡ್ಡ ಮಾಡಿ, "ನೀವು ಬ್ಯಾಡ ಸಾರ್" ಅಂದ. ಮತ್ತೆ ಕಾದೆವು. ಅಷ್ಟು ಹೊತ್ತು ಒಬ್ಬ ಮನುಷ್ಯ ಮಾತಿಗಾಗಿ ಒದ್ದಾಡುವುದನ್ನು ಎದುರಿಗೆ ನಿಂತು ನೋಡಬಾರದು.

ಕೊನೆಗೆ ಗೋಡೆಯಾಚೆಯಿಂದಲೇ ಬಂತು.

"ಮೈಲಮ್ಮ. ಕೆಂಚಪ್ಪನ ಹೆಂಡ್ತಿ. ರೊಪ್ಪದ ಜಾಗ ಇಸ್ಕೂಲಿಗೆ ಕೊಟ್ಟಾಕಿ. ಕೇಳಿಸ್ತೇನೋ ತಿಪ್ಪಣ್ಣ?"

ತಿಪ್ಪಣ್ಣ ಗೋಡೆಯ ಕಡೆ ತಿರುಗಿದ.

"ಕೇಳಿಸ್ತು ಅತ್ತಿಗೆ" ಅಂದ.

ಮೇಷ್ಟ್ರು ಹಾಳೆಯನ್ನು ಆ ಗೋಡೆಯ ಮೇಲಿಟ್ಟು, ಗಾಳಿಗೆ ಹಾರದಂತೆ ಒಂದು ಕಲ್ಲು ಹೇರಿ, ಚಪ್ಪಲಿ ಮೆಟ್ಟಿಕೊಂಡು ಹೊರಬಂದರು. ಯಾರೂ ನಮ್ಮನ್ನು ನಿಲ್ಲಿಸಲಿಲ್ಲ. ಶ್ರೀರಾಂಪುರದ ಬಸ್ಸಿಗೆ ದಾರಿ ಹಿಡಿದೆವು. ಊರು ಹಿಂದಾದ ಮೇಲೆ ಅವರೇ ನಿಂತು ನನ್ನ ತೋಳು ಹಿಡಿದರು.

"ಅಕ್ಷರ ಎಲ್ಲಾ ಸರಿಯಾಗಿ ಬಂದಿದ್ವು, ಅಲ್ವೇನ್ರಿ?"

"ಬಂದಿದ್ವು ಮೇಷ್ಟ್ರೇ" ಅಂದೆ. "ಒಂದೂ ತಪ್ಪಿರ್ಲಿಲ್ಲ."